ಹಿಂದುಳಿದ ತಾಲ್ಲೂಕಿನಲ್ಲಿ ಸಣ್ಣ ಉದ್ಯಮ: ಸಬ್ಸಿಡಿ ಅರ್ಜಿಯ ದಾರಿ

ಚಿತ್ರದುರ್ಗದ ಜಿಲ್ಲಾ ಕೈಗಾರಿಕಾ ಕೇಂದ್ರದ ಜಗುಲಿಯಲ್ಲಿ ಅರ್ಧ ದಿನ ಕೂತು ನೋಡಿ. ಒಂದೇ ಮಾತು ನಾಲ್ಕೈದು ಸಲ ಕಿವಿಗೆ ಬೀಳುತ್ತದೆ: "ಸಾರ್, ನಮ್ದು ಹಿಂದುಳಿದ ತಾಲ್ಲೂಕು. ಗೌರ್ಮೆಂಟಿಂದ ಎಷ್ಟು ಬರುತ್ತೆ?" ನಾನೂ ಒಂದು ಕಾಲದಲ್ಲಿ ಇದೇ ಮಾತು ಕೇಳಿಕೊಂಡು ಹೋದವನೇ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕೈಗೆ ಏನೂ ಬರುವುದಿಲ್ಲ. ಸಾಲ ಕೊಡುವುದು ಬ್ಯಾಂಕು. ನೀವು ಘಟಕ ನಡೆಸಿ ತೋರಿಸಿದರೆ ಆ ಸಾಲದ ಒಂದು ಪಾಲನ್ನು ಸರ್ಕಾರ ಕಟ್ಟುತ್ತದೆ. ಸಬ್ಸಿಡಿ ಅಂದರೆ ಇಷ್ಟೇ. ಆದ್ದರಿಂದ ಅರ್ಜಿಯನ್ನು ಸರ್ಕಾರಕ್ಕೆ ಬರೆಯುತ್ತಿದ್ದೇನೆ ಅಂದುಕೊಳ್ಳಬೇಡಿ. ಅದನ್ನು ಕೊನೆಗೆ ಓದುವವರು ನಿಮ್ಮೂರ ಬ್ರಾಂಚ್ ಮ್ಯಾನೇಜರ್.

ಇದು ನನಗೆ ಗೊತ್ತಾಗಿದ್ದು ಮರ್ಯಾದೆ ಹೋದ ಮೇಲೆ. ಚಳ್ಳಕೆರೆ ಕಡೆ ಶೇಂಗಾ ಎಣ್ಣೆ ಗಾಣ ಹಾಕಬೇಕು ಅಂತ ಹೊರಟಿದ್ದೆ. ಪ್ರಾಜೆಕ್ಟ್ ರಿಪೋರ್ಟನ್ನು ಒಂದು ಜೆರಾಕ್ಸ್ ಅಂಗಡಿಯಲ್ಲಿ ದುಡ್ಡು ಕೊಟ್ಟು ಬರೆಸಿದೆ. ಓದಿ ನೋಡಲಿಲ್ಲ. ಬ್ಯಾಂಕಿನ ಮ್ಯಾನೇಜರ್ ಓದಿದರು. "ಘಟಕದ ಸುತ್ತಮುತ್ತ ತೆಂಗಿನ ತೋಟ ಹೇರಳವಾಗಿದ್ದು ಕೊಬ್ಬರಿ ಸುಲಭವಾಗಿ ಸಿಗುತ್ತದೆ" ಅಂತ ಇತ್ತು! ತಿಪಟೂರು ಕಡೆಯ ಯಾರದೋ ರಿಪೋರ್ಟಿಗೆ ನನ್ನ ಹೆಸರು ಅಂಟಿಸಿದ್ದರು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಒಂದು. ಮ್ಯಾನೇಜರ್ ನಕ್ಕು ಫೈಲು ವಾಪಸ್ ಕೊಟ್ಟರು. ನಾನೇ ಅವರ ಜಾಗದಲ್ಲಿದ್ದರೂ ಅದನ್ನೇ ಮಾಡುತ್ತಿದ್ದೆ.

ಮೊದಲು: ನೀವು ಯಾವ ಪಟ್ಟಿಯಲ್ಲಿ ಹಿಂದುಳಿದವರು?

"ಹಿಂದುಳಿದ ಪ್ರದೇಶ" ಅನ್ನುವುದು ಒಂದೇ ಪಟ್ಟಿ ಅಲ್ಲ. ಒಂದೊಂದು ಯೋಜನೆಗೆ ಒಂದೊಂದು ಪಟ್ಟಿ. ಇಲ್ಲೇ ಅರ್ಧ ಜನ ದಾರಿ ತಪ್ಪುವುದು.

ನಮ್ಮ ರಾಜ್ಯದಲ್ಲಿ ಜಾಸ್ತಿ ಓಡಾಡುವ ಹೆಸರು ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯದು. 2002ರಲ್ಲಿ ವರದಿ ಕೊಟ್ಟ ಈ ಸಮಿತಿ, ಆಗಿದ್ದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಅಂತ ಗುರುತಿಸಿತು. ಅದರಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ರಾಜ್ಯದ ಕೈಗಾರಿಕಾ ನೀತಿ ತಾಲ್ಲೂಕುಗಳನ್ನು ವಲಯಗಳಾಗಿ ವಿಂಗಡಿಸುತ್ತದೆ. ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆಗಳು ವಲಯ 3ರಲ್ಲಿವೆ, ಅಲ್ಲಿಗೆ ಸವಲತ್ತು ಕಡಿಮೆ. ನಿಮ್ಮ ತಾಲ್ಲೂಕು ಯಾವ ವಲಯದಲ್ಲಿದೆ ಅನ್ನುವುದು ನೀತಿಯ ಅನುಬಂಧದಲ್ಲೇ ಇದೆ. ಈಗಿನ ನೀತಿ 2025-30ರದ್ದು, 2025ರ ಫೆಬ್ರವರಿಯಲ್ಲಿ ಬಂತು. ಹಳೆಯ 2020-25ರ ಪಟ್ಟಿ ಇನ್ನೂ ವಾಟ್ಸಾಪಿನಲ್ಲಿ ಸುತ್ತುತ್ತಿದೆ. ಅದನ್ನು ನಂಬಿಕೊಂಡು ಲೆಕ್ಕ ಹಾಕಬೇಡಿ.

ಕೇಂದ್ರದ ಯೋಜನೆಗಳಿಗೆ ಬಂದರೆ ಈ ವಿಂಗಡಣೆ ನಡೆಯುವುದಿಲ್ಲ. ಅಲ್ಲಿ ಕೇಳುವುದು "ಮಹತ್ವಾಕಾಂಕ್ಷಿ ಜಿಲ್ಲೆ"ಯಾ ಅಂತ. ಕರ್ನಾಟಕದಲ್ಲಿ ಅವು ರಾಯಚೂರು ಮತ್ತು ಯಾದಗಿರಿ ಎರಡೇ. ದಾವಣಗೆರೆಯೂ ಇಲ್ಲ, ದುರ್ಗವೂ ಇಲ್ಲ. ಸಂವಿಧಾನದ 371ಜೆ ವಿಧಿಯ ವಿಶೇಷ ಸವಲತ್ತು ಕೂಡ ನಮಗೆ ಬರುವುದಿಲ್ಲ, ಅದು ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಿಗೆ. ಹರಪನಹಳ್ಳಿಯವರು ಹಿಂದೆ ದಾವಣಗೆರೆ ಜಿಲ್ಲೆಯಲ್ಲಿದ್ದರು, ಈಗ ವಿಜಯನಗರ ಜಿಲ್ಲೆ. ಅವರಿಗೆ 371ಜೆ ಇದೆ. ಪಕ್ಕದ ಜಗಳೂರಿಗೆ ಇಲ್ಲ. ಎರಡೂ ಊರಿನ ಬರ ಒಂದೇ, ಆದರೆ ಗಡಿ ಗೆರೆ ಬೇರೆ. ಏನ್ ಮಾಡೋದು.

ಇನ್ನೆರಡು ಗೊಂದಲ ಬಗೆಹರಿಸಿಬಿಡೋಣ. ಹಿಂದುಳಿದ ಪ್ರದೇಶಗಳ ಅನುದಾನ ನಿಧಿ ಅಂತ ಕೇಂದ್ರದ ಯೋಜನೆಯೊಂದಿತ್ತು. ದೇಶದ 250 ಜಿಲ್ಲೆಗಳಲ್ಲಿ ನಮ್ಮ ಚಿತ್ರದುರ್ಗ, ದಾವಣಗೆರೆ ಎರಡೂ ಇದ್ದವು. ಆ ಹಣ ಪಂಚಾಯಿತಿ, ನಗರಸಭೆಗಳಿಗೆ ಬರುತ್ತಿತ್ತು. 2015ರಲ್ಲೇ ನಿಂತಿದೆ. ಎರಡನೆಯದು, ಚಿತ್ರದುರ್ಗದಲ್ಲೇ ಕಚೇರಿ ಇರುವ ಬಯಲುಸೀಮೆ ಪ್ರದೇಶಾಭಿವೃದ್ಧಿ ಮಂಡಳಿ. ಹೆಸರು ಕೇಳಿ ಅಲ್ಲಿಗೆ ಸಾಲದ ಅರ್ಜಿ ಹಿಡಿದು ಹೋದವರನ್ನು ನೋಡಿದ್ದೇನೆ. ಅದು ರಸ್ತೆ, ಚೆಕ್‌ಡ್ಯಾಂ, ಸಮುದಾಯ ಭವನದಂಥ ಊರೊಟ್ಟಿನ ಕೆಲಸ ಮಾಡಿಸುವ ಮಂಡಳಿ. ನಿಮ್ಮ ಗಾಣಕ್ಕೆ ದುಡ್ಡು ಕೊಡುವುದು ಅದರ ಕೆಲಸ ಅಲ್ಲ.

ಹಾಗಾದರೆ ಊರಿನ ಲಾಭ ನಮಗೆ ಏನೂ ಇಲ್ವಾ? ಇದೆ. ಕೇಂದ್ರದ ದೊಡ್ಡ ಯೋಜನೆಯಲ್ಲಿ ಹಳ್ಳಿ ಮತ್ತು ಪೇಟೆಗೆ ಶೇ 10ರ ವ್ಯತ್ಯಾಸ ಇದೆ. ನಮ್ಮಂಥವರಿಗೆ ನಿಜವಾಗಿ ಕೆಲಸಕ್ಕೆ ಬರುವ ಗೆರೆ ಅದು.

ಯಾವ ಯೋಜನೆ ನಿಮ್ಮದು

ಹತ್ತಾರು ಹೆಸರು ಕೇಳಿರುತ್ತೀರಿ. ಸಣ್ಣ ಉದ್ಯಮಕ್ಕೆ ಹೆಚ್ಚಿನವರು ಬರುವುದು ಎರಡರ ಹತ್ತಿರ.

ಒಂದು, ಪಿಎಂಇಜಿಪಿ. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ, 2008ರಿಂದ ಇದೆ. ಹೊಸ ಘಟಕಕ್ಕೆ ಮಾತ್ರ. ತಯಾರಿಕೆಗೆ 50 ಲಕ್ಷದವರೆಗೆ, ಸೇವೆಗೆ 20 ಲಕ್ಷದವರೆಗೆ ಯೋಜನೆ ಹಾಕಬಹುದು. ಸಾಮಾನ್ಯ ವರ್ಗದವರಿಗೆ ಪೇಟೆಯಲ್ಲಿ ಶೇ 15, ಹಳ್ಳಿಯಲ್ಲಿ ಶೇ 25 ಸಬ್ಸಿಡಿ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು, ಮಹಿಳೆಯರು, ಮಾಜಿ ಸೈನಿಕರು, ಅಂಗವಿಕಲರು, ಲಿಂಗತ್ವ ಅಲ್ಪಸಂಖ್ಯಾತರಿಗೆ ಪೇಟೆಯಲ್ಲಿ ಶೇ 25, ಹಳ್ಳಿಯಲ್ಲಿ ಶೇ 35. ಕೈಯಿಂದ ಹಾಕಬೇಕಾದ್ದು ಸಾಮಾನ್ಯರು ಶೇ 10, ಉಳಿದವರು ಶೇ 5. ವಯಸ್ಸು 18 ದಾಟಿರಬೇಕು. ಆದಾಯದ ಮಿತಿ ಇಲ್ಲ. ತಯಾರಿಕೆಯಲ್ಲಿ 10 ಲಕ್ಷ, ಸೇವೆಯಲ್ಲಿ 5 ಲಕ್ಷ ಮೀರಿದರೆ ಎಂಟನೇ ಕ್ಲಾಸ್ ಪಾಸಾಗಿರಬೇಕು. ಒಂದು ಕುಟುಂಬಕ್ಕೆ, ಅಂದರೆ ಗಂಡ ಹೆಂಡತಿಗೆ ಸೇರಿ, ಒಂದೇ.

ಬೆಳೆ ಬೆಳೆಯುವುದಕ್ಕೆ ಇದರಲ್ಲಿ ಸಿಗುವುದಿಲ್ಲ, ಬೆಳೆದದ್ದನ್ನು ಸಂಸ್ಕರಿಸಲು ಸಿಗುತ್ತದೆ. ಬೀಡಿ, ಗುಟ್ಕಾ, ಮದ್ಯದ ವ್ಯವಹಾರಕ್ಕೆ ಇಲ್ಲ.

ಎರಡು, ಪಿಎಂಎಫ್‌ಎಂಇ. ಸಣ್ಣ ಆಹಾರ ಸಂಸ್ಕರಣಾ ಘಟಕಗಳಿಗಾಗಿ 2020ರ ಜೂನ್‌ನಲ್ಲಿ ಶುರುವಾದದ್ದು. ಇದರಲ್ಲಿ ಹಳ್ಳಿ, ಪೇಟೆ, ಜಾತಿ ಲೆಕ್ಕ ಇಲ್ಲ. ಎಲ್ಲರಿಗೂ ಕೇಂದ್ರದ್ದು ಶೇ 35, ಗರಿಷ್ಠ 10 ಲಕ್ಷ. ಇದರ ಮೇಲೆ ನಮ್ಮ ರಾಜ್ಯ ಶೇ 15 ಸೇರಿಸುತ್ತದೆ. ಒಟ್ಟು ಶೇ 50, ಗರಿಷ್ಠ 15 ಲಕ್ಷ. ನಡೆಯುತ್ತಿರುವ ಘಟಕವನ್ನು ದೊಡ್ಡದು ಮಾಡಲೂ ಬಳಸಬಹುದು. ಇದು ದಾವಣಗೆರೆಯ ಮಂಡಕ್ಕಿ ಭಟ್ಟಿಯವರು ಗಮನಿಸಬೇಕಾದ ಮಾತು, ಯಾಕಂದ್ರೆ ಪಿಎಂಇಜಿಪಿ ಅವರ ಹಳೆಯ ಭಟ್ಟಿಗೆ ಸಿಗುವುದಿಲ್ಲ. ಜಿಲ್ಲೆಗೊಂದು ಉತ್ಪನ್ನ ಅಂತ ಗೊತ್ತು ಮಾಡಿದ್ದಾರೆ. ಚಿತ್ರದುರ್ಗಕ್ಕೆ ಶೇಂಗಾ, ದಾವಣಗೆರೆಗೆ ಸಿರಿಧಾನ್ಯ. ಅವಕ್ಕೆ ಆದ್ಯತೆ, ಆದರೆ ಬೇರೆ ಆಹಾರ ಘಟಕದವರೂ ಅರ್ಜಿ ಹಾಕಬಹುದು. ಸ್ವಸಹಾಯ ಸಂಘದ ಸದಸ್ಯೆಯರಿಗೆ ತಲಾ 40,000 ರೂ. ವರೆಗೆ ಮೂಲ ಬಂಡವಾಳವೂ ಇದೆ.

ಎರಡೂ ಯೋಜನೆಗಳ ಅವಧಿ 2025-26ರ ತನಕ ಅಂತ ಮಂಜೂರಾದದ್ದು. ಅದಕ್ಕೇ ಕಾಗದ ಜೋಡಿಸುವ ಮೊದಲು ಪೋರ್ಟಲ್ ತೆರೆದು ಹೊಸ ಅರ್ಜಿ ತಗೊಳ್ತಿದ್ದಾರಾ ನೋಡಿಕೊಳ್ಳಿ. ಐದು ನಿಮಿಷದ ಕೆಲಸ.

ಉಳಿದವು ಚುಟುಕಾಗಿ. ಮುದ್ರಾದಲ್ಲಿ ಸಬ್ಸಿಡಿ ಇಲ್ಲ, ಒತ್ತೆ ಇಲ್ಲದ ಸಾಲ ಅಷ್ಟೇ. ಮೊದಲ ಹಂತ 50,000ದ ತನಕ, ಮೇಲಿನ ಹಂತ ಈಗ 20 ಲಕ್ಷದ ತನಕ. ಉದ್ಯೋಗಿನಿ ಮಹಿಳಾ ಅಭಿವೃದ್ಧಿ ನಿಗಮದ್ದು, 3 ಲಕ್ಷದವರೆಗಿನ ಸಾಲಕ್ಕೆ, ಇದರಲ್ಲಿ ಆದಾಯ ಮಿತಿ ಉಂಟು. ಬಡಗಿ, ಕಮ್ಮಾರ, ಕುಂಬಾರ, ದರ್ಜಿ ಹೀಗೆ 18 ಕಸುಬಿನವರಿಗೆ ವಿಶ್ವಕರ್ಮ ಯೋಜನೆ ಇದೆ: 15,000 ರೂ. ಸಲಕರಣೆ ನೆರವು, ಶೇ 5ರ ಬಡ್ಡಿಗೆ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ಸಾಲ. ಹೊಸದುರ್ಗದ ಕಡೆ ತೆಂಗಿನ ನಾರಿನ ಘಟಕ ಯೋಚಿಸುವವರು ಪಿಎಂಇಜಿಪಿಯನ್ನು ಕಾಯರ್ ಬೋರ್ಡ್ ಮೂಲಕವೇ ಹಾಕಬಹುದು.

ಒಂದೇ ಘಟಕಕ್ಕೆ ಪಿಎಂಇಜಿಪಿ ತಗೊಂಡು ಮತ್ತೆ ಇನ್ನೊಂದು ಸಬ್ಸಿಡಿಗೂ ಕೈ ಚಾಚಲು ಆಗುವುದಿಲ್ಲ. ಹಾಗಾಗಿ ಆಯ್ಕೆ ಮಾಡುವಾಗ ಪೆನ್ನು ಹಿಡಿದು ಕೂರಬೇಕು.

ಪೆನ್ನು ಹಿಡಿದು ಕೂರೋಣ

12 ಲಕ್ಷದ ಒಂದು ಶೇಂಗಾ ಎಣ್ಣೆ ಘಟಕ ಅಂದುಕೊಳ್ಳಿ. ಗಾಣ, ಫಿಲ್ಟರ್, ಸಿಪ್ಪೆ ಬಿಡಿಸುವ ಯಂತ್ರ ಸೇರಿ 8 ಲಕ್ಷ. ಶೆಡ್ಡಿನ ಕೆಲಸ ಒಂದೂವರೆ ಲಕ್ಷ. ಶೇಂಗಾ ಕೊಳ್ಳಲು ದುಡಿಯುವ ಬಂಡವಾಳ ಎರಡೂವರೆ ಲಕ್ಷ. ಜಾಗದ ಬೆಲೆ ಸೇರಿಸುವ ಹಾಗಿಲ್ಲ.

ಹಳ್ಳಿಯಲ್ಲಿರುವ ಮಹಿಳೆಯೊಬ್ಬರು ಪಿಎಂಇಜಿಪಿಗೆ ಹಾಕಿದರೆ: ಕೈಯಿಂದ ಶೇ 5, ಅಂದರೆ 60,000. ಬ್ಯಾಂಕ್ ಸಾಲ 11.40 ಲಕ್ಷ. ಸಬ್ಸಿಡಿ ಶೇ 35, ಅಂದರೆ 4.20 ಲಕ್ಷ. ಕೊನೆಗೆ ಅವರ ತಲೆ ಮೇಲೆ ಉಳಿಯುವ ಅಸಲು 7.20 ಲಕ್ಷ.

ಅದೇ ಮಹಿಳೆ ಅದೇ ಗಾಣವನ್ನು ಚಳ್ಳಕೆರೆ ನಗರಸಭೆ ಗಡಿಯೊಳಗೆ ಹಾಕಿದರೆ ಸಬ್ಸಿಡಿ ಶೇ 25ಕ್ಕೆ ಇಳಿದು 3 ಲಕ್ಷ ಆಗುತ್ತದೆ. ಒಂದು ರಸ್ತೆ ದಾಟಿದ್ದಕ್ಕೆ 1.20 ಲಕ್ಷ ಕಮ್ಮಿ. ಪಂಚಾಯಿತಿ ಆಡಳಿತದ ಜಾಗವೆಲ್ಲ ಈ ಯೋಜನೆಗೆ ಗ್ರಾಮೀಣವೇ. ಹಾಗಾಗಿ ಬಾಡಿಗೆಗೆ ಶೆಡ್ ನೋಡುವಾಗ ಮೊದಲು ಕೇಳಬೇಕಾದ್ದು ಇಷ್ಟೇ: ಇಲ್ಲಿ ಕಂದಾಯ ಪಂಚಾಯಿತಿಗೆ ಕಟ್ತೀರೋ, ನಗರಸಭೆಗೋ?

ಇನ್ನು ಪಿಎಂಎಫ್‌ಎಂಇ. ಇದರಲ್ಲಿ ದುಡಿಯುವ ಬಂಡವಾಳಕ್ಕೆ ಸಬ್ಸಿಡಿ ಇಲ್ಲ. ಯಂತ್ರಕ್ಕೆ, ಮತ್ತು ಘಟಕಕ್ಕೆ ಬೇಕಾದ ಕಟ್ಟಡ ಕೆಲಸಕ್ಕೆ ಒಂದು ಮಿತಿಯೊಳಗೆ ಇದೆ. ಲೆಕ್ಕಕ್ಕೆ ಬರುವುದು ಒಂಬತ್ತೂವರೆ ಲಕ್ಷ. ಅದರ ಶೇ 50, ಅಂದರೆ 4.75 ಲಕ್ಷ. ಸಾಮಾನ್ಯ ವರ್ಗದ ಗಂಡಸಿಗೆ ಪಿಎಂಇಜಿಪಿಯಲ್ಲಿ ಹಳ್ಳಿಯಲ್ಲೂ 3 ಲಕ್ಷವೇ ಸಿಗುವುದು. ಅವನಿಗೆ ಇದೇ ಸರಿ. ಆ ಮಹಿಳೆಗೂ ಇದರಲ್ಲಿ 55,000 ಜಾಸ್ತಿ. ಆದರೆ ಕೈಯಿಂದ ಶೇ 10, ಅಂದರೆ 1.20 ಲಕ್ಷ ಹಾಕಬೇಕು. ಶುರುವಿನಲ್ಲೇ ಇನ್ನೊಂದು 60,000 ಹೊಂದಿಸಲು ಆಗುತ್ತದಾ? ಆಗದಿದ್ದರೆ ಪಿಎಂಇಜಿಪಿಯೇ ಮೇಲು. ಶೇಕಡಾ ಎಷ್ಟು ಅನ್ನುವುದಕ್ಕಿಂತ ಮೊದಲ ದಿನ ಜೇಬಿನಿಂದ ಎಷ್ಟು ಹೋಗುತ್ತದೆ ಅನ್ನುವುದು ನನ್ನ ಪ್ರಕಾರ ದೊಡ್ಡ ಪ್ರಶ್ನೆ.

ಅರ್ಜಿಗೆ ಮುಂಚೆ ಮನೆಯಲ್ಲೇ ಮಾಡುವ ಕೆಲಸ

ಮೊದಲು ಸಿಬಿಲ್. ನಿಮ್ಮ ಕ್ರೆಡಿಟ್ ರಿಪೋರ್ಟನ್ನು ವರ್ಷಕ್ಕೊಂದು ಸಲ ಬಿಟ್ಟಿಯಾಗಿ ತೆಗೆಯಬಹುದು. ಹಳೆ ಬೈಕ್ ಸಾಲದ ಕೊನೆಯ ಒಂದು ಕಂತು, ಸಂಘದ ಸಾಲ, ಯಾರಿಗೋ ಹಾಕಿದ ಜಾಮೀನು ಎಲ್ಲಾ ಅಲ್ಲಿ ಕಾಣುತ್ತದೆ. ಬಾಕಿ ಇದ್ದರೆ ಕಟ್ಟಿ, ತೀರಿದ ಪತ್ರ ತಗೊಂಡು, ರಿಪೋರ್ಟ್ ಸರಿಯಾಗುವ ತನಕ ಕಾಯಿರಿ. ಇದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದರೆ ಆರು ತಿಂಗಳ ಓಡಾಟ ನೀರಿನಲ್ಲಿ ಹೋಮ.

ಆಮೇಲೆ ಜಾಗ. ಸ್ವಂತದ್ದಾದರೆ ಪಹಣಿ ಅಥವಾ ಇ-ಸ್ವತ್ತು, ಬಾಡಿಗೆಯದಾದರೆ ಕರಾರು ಪತ್ರ. ಹೊಲದಲ್ಲಿ ಶೆಡ್ ಹಾಕುವವರು ಭೂ ಪರಿವರ್ತನೆ ಬಗ್ಗೆ ಮೊದಲೇ ವಿಚಾರಿಸಿ. ಜಾಗ ಅಪ್ಪನ ಹೆಸರಿನಲ್ಲಿದ್ದರೆ ಅವರಿಂದ ಒಪ್ಪಿಗೆ ಪತ್ರ. ಅಣ್ಣ ತಮ್ಮಂದಿರ ಜಂಟಿ ಖಾತೆ ಇದ್ದರೆ ಎಲ್ಲರ ಸಹಿ. ಇದು ಬ್ಯಾಂಕಿಗಿಂತ ಕಷ್ಟದ ಕೆಲಸ, ಅಲ್ವಾ?

ಕರೆಂಟು ಮೂರನೆಯದು. ಗಾಣಕ್ಕೆ, ಹಿಟ್ಟಿನ ಗಿರಣಿಗೆ ತ್ರೀ ಫೇಸ್ ಬೇಕು. ಕಂಬ ಎಷ್ಟು ದೂರ, ಟ್ರಾನ್ಸ್‌ಫಾರ್ಮರ್ ತಡೆಯುತ್ತದಾ ಅಂತ ಬೆಸ್ಕಾಂ ಸೆಕ್ಷನ್ ಆಫೀಸಿನಲ್ಲಿ ಕೇಳಿಕೊಂಡು ಬನ್ನಿ. ನಮ್ಮ ಎರಡೂ ಜಿಲ್ಲೆ ಬೆಸ್ಕಾಂಗೇ ಸೇರಿವೆ. ಕಂಬ, ಲೈನಿನ ಖರ್ಚನ್ನು ಯೋಜನೆಯಲ್ಲಿ ಸೇರಿಸದೆ ಮರೆತವರು ಆಮೇಲೆ ಕೈಸಾಲ ಮಾಡಿದ್ದಾರೆ.

ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ದಾಖಲಿಸುವುದು, ಆಧಾರ್ ಸಂಖ್ಯೆಯಿಂದ ಪೂರ್ತಿ ಉಚಿತ. 2020ರ ಜುಲೈ 1ರಿಂದ ಈ ವ್ಯವಸ್ಥೆ ಇದೆ. ಸಾವಿರ, ಎರಡು ಸಾವಿರ ಕೇಳುವ ವೆಬ್‌ಸೈಟುಗಳು ಸರ್ಕಾರದ್ದಲ್ಲ. ಆಹಾರ ಘಟಕಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿಯೂ ಬೇಕು.

ಉಳಿದ ಕಾಗದ: ಆಧಾರ್, ಪ್ಯಾನ್, ಫೋಟೋ, ಜಾತಿ ಪ್ರಮಾಣ ಪತ್ರ, ಅಂಕಪಟ್ಟಿ, ಗ್ರಾಮೀಣ ಪ್ರದೇಶ ಅಂತ ಪಂಚಾಯಿತಿ ಕೊಡುವ ದೃಢೀಕರಣ, ಯಂತ್ರದ ಕೊಟೇಶನ್. ಆಧಾರ್, ಪ್ಯಾನ್, ಅಂಕಪಟ್ಟಿ, ಪಾಸ್‌ಬುಕ್ ನಾಲ್ಕರಲ್ಲೂ ಹೆಸರು ಒಂದೇ ಥರ ಇದೆಯಾ ನೋಡಿ. ಒಂದರಲ್ಲಿ ತಿಪ್ಪೇಸ್ವಾಮಿ, ಇನ್ನೊಂದರಲ್ಲಿ ತಿಪ್ಪೇಸ್ವಾಮಿ ಎಂ., ಮತ್ತೊಂದರಲ್ಲಿ ಟಿ. ಸ್ವಾಮಿ ಅಂತ ಇದ್ದರೆ ಪೋರ್ಟಲ್ ಅಲ್ಲೇ ನಿಲ್ಲಿಸುತ್ತದೆ. ದುರ್ಗದ ಕಡೆ ಎಷ್ಟು ತಿಪ್ಪೇಸ್ವಾಮಿಗಳಿದ್ದಾರೆ ಅಂತ ಕಂಪ್ಯೂಟರಿಗೆ ಏನು ಗೊತ್ತು.

ಪ್ರಾಜೆಕ್ಟ್ ರಿಪೋರ್ಟ್ ನೀವೇ ಬರೆಯಿರಿ

ಟೈಪು ಯಾರಾದರೂ ಮಾಡಲಿ, ಲೆಕ್ಕ ನಿಮ್ಮದಾಗಿರಲಿ. ಮ್ಯಾನೇಜರ್ ರಿಪೋರ್ಟ್ ಮುಚ್ಚಿಟ್ಟು ಬಾಯಲ್ಲಿ ಕೇಳುತ್ತಾರೆ. ನನ್ನನ್ನು ಎರಡನೇ ಸಲ ಕೇಳಿದ್ದು ಇವು: ಶೇಂಗಾ ಎಲ್ಲಿಂದ ತರ್ತೀಯ? ಯಾವ ತಿಂಗಳು? ಹಿಂಡಿ ಯಾರಿಗೆ ಮಾರ್ತೀಯ? ಪೇಟೆಯಲ್ಲಿ ಇಷ್ಟೊಂದು ಎಣ್ಣೆ ಮಿಲ್ಲು ಇರುವಾಗ ನಿನ್ನ ಹತ್ತಿರ ಯಾಕೆ ಬರ್ತಾರೆ?

ಇವಕ್ಕೆ ಉತ್ತರ ಹೊಲದಲ್ಲಿದೆ, ಮಂಡಿಯಲ್ಲಿದೆ. ನಮ್ಮ ಕಡೆ ಮುಂಗಾರಿನ ಶೇಂಗಾ ಜೂನ್, ಜುಲೈನಲ್ಲಿ ಬಿತ್ತಿ ಅಕ್ಟೋಬರ್, ನವೆಂಬರ್ ಹೊತ್ತಿಗೆ ಕೀಳುತ್ತಾರೆ. ಆಗ ಎಪಿಎಂಸಿಗೆ ಆವಕ ಜಾಸ್ತಿ, ರೇಟು ಕಮ್ಮಿ. ಆಗ ಕೊಂಡು ಒಣಗಿಸಿ ಇಡಬೇಕು. ಅಂದರೆ ದುಡಿಯುವ ಬಂಡವಾಳ ವರ್ಷವಿಡೀ ಒಂದೇ ಸಮ ಬೇಕಾಗುವುದಿಲ್ಲ, ಆ ಎರಡು ಮೂರು ತಿಂಗಳಲ್ಲಿ ಒಟ್ಟಿಗೇ ಬೇಕು. ಇದನ್ನು ರಿಪೋರ್ಟಿನಲ್ಲಿ ತಿಂಗಳವಾರು ತೋರಿಸಿದರೆ, ಈ ಮನುಷ್ಯನಿಗೆ ವ್ಯಾಪಾರ ಗೊತ್ತು ಅಂತ ಬ್ಯಾಂಕಿಗೆ ಅನ್ನಿಸುತ್ತದೆ. ಮಳೆ ಕೈಕೊಟ್ಟ ವರ್ಷ ಏನು ಮಾಡ್ತೀರಿ ಅನ್ನುವುದನ್ನೂ ಒಂದು ಸಾಲು ಬರೆಯಿರಿ. ಬಳ್ಳಾರಿ ಕಡೆಯಿಂದ ತರಿಸುವುದೋ, ರೈತರ ಕಾಳನ್ನು ಕೂಲಿಗೆ ಆಡಿಸಿ ಕೊಡುವುದೋ, ಏನೋ ಒಂದು. ಬರದ ಸೀಮೆಯವರು ಬರದ ಮಾತೇ ಎತ್ತದೆ ಬರೆದ ರಿಪೋರ್ಟನ್ನು ಯಾರು ನಂಬುತ್ತಾರೆ?

ಇಳುವರಿಯನ್ನು ಉಬ್ಬಿಸಬೇಡಿ. ಶೇಂಗಾ ಬೀಜದಲ್ಲಿ ಸುಮಾರು ಅರ್ಧದಷ್ಟು ಎಣ್ಣೆ ಇರುತ್ತದೆ, ಆದರೆ ಗಾಣ ಅಷ್ಟನ್ನೂ ಹಿಂಡುವುದಿಲ್ಲ. ಸ್ವಲ್ಪ ಹಿಂಡಿಯಲ್ಲೇ ಉಳಿಯುತ್ತದೆ. ಹತ್ತಿರದ ಗಾಣದಲ್ಲಿ ಒಂದು ಕ್ವಿಂಟಲ್ ಆಡಿಸಿ, ಬಂದ ಎಣ್ಣೆ, ಹಿಂಡಿ ತೂಗಿ, ಆ ಅಂಕಿ ಹಾಕಿ. ಹಿಂಡಿಯ ಆದಾಯ ಮರೆಯಬೇಡಿ. ದನ ಸಾಕುವವರು ಇರುವ ಸೀಮೆ ಇದು, ಹಿಂಡಿ ಎಣ್ಣೆಗಿಂತ ಬೇಗ ಖಾಲಿಯಾಗುತ್ತದೆ.

ಯಂತ್ರದ ಪೂರ್ತಿ ಸಾಮರ್ಥ್ಯಕ್ಕೆ ಮೊದಲ ವರ್ಷ ಓಡಿಸುತ್ತೇನೆ ಅಂತ ಬರೆಯಬೇಡಿ. ಶೇ 60, ಆಮೇಲೆ 70, ಆಮೇಲೆ 80 ಅಂದರೆ ನಂಬುವ ಹಾಗಿರುತ್ತದೆ. ಕೊನೆಯಲ್ಲಿ ಡಿಎಸ್‌ಸಿಆರ್ ಅಂತ ಒಂದು ಅಂಕಿ ಬರುತ್ತದೆ. ಒಂದು ರೂಪಾಯಿ ಕಂತು ಕಟ್ಟಲು ನಿಮ್ಮ ಹತ್ತಿರ ಎಷ್ಟು ರೂಪಾಯಿ ಉಳಿಯುತ್ತದೆ ಅನ್ನುವ ಲೆಕ್ಕ ಅದು. ಒಂದೂವರೆ ಆಸುಪಾಸು ಇದ್ದರೆ ಒಳ್ಳೇದು. ನಾಲ್ಕು, ಐದು ಬಂದಿದ್ದರೆ ಎಲ್ಲೋ ಸುಳ್ಳು ಬರೆದಿದ್ದೀರಿ ಅಂತ ಅರ್ಥ.

ಪಿಎಂಎಫ್‌ಎಂಇಯಲ್ಲಿ ಇದಕ್ಕೆಲ್ಲ ಸಹಾಯ ಮಾಡಲು ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳಿದ್ದಾರೆ. ಅವರಿಗೆ ಸಂಭಾವನೆ ಸರ್ಕಾರವೇ ಕೊಡುತ್ತದೆ, ನೀವು ಕೊಡುವ ಹಾಗಿಲ್ಲ. ರಾಜ್ಯದಲ್ಲಿ ಯೋಜನೆ ನೋಡಿಕೊಳ್ಳುವುದು ಕೆಪೆಕ್ ಸಂಸ್ಥೆ. ಜಿಲ್ಲೆಯಲ್ಲಿ ಕೃಷಿ ಇಲಾಖೆಯ ಕಚೇರಿಯಲ್ಲಿ ಕೇಳಿದರೆ ಅವರ ನಂಬರ್ ಸಿಗುತ್ತದೆ.

ಅರ್ಜಿ ತುಂಬುವುದು

ಇದು ಎಲ್ಲಕ್ಕಿಂತ ಸುಲಭದ ಭಾಗ. ಪಿಎಂಇಜಿಪಿ ಅರ್ಜಿಯನ್ನು ಖಾದಿ ಆಯೋಗದ ಪೋರ್ಟಲಿನಲ್ಲಿ ಹಾಕಬೇಕು. ಏಜೆನ್ಸಿ ಯಾವುದು ಅಂತ ಕೇಳುತ್ತದೆ: ಖಾದಿ ಆಯೋಗ, ಖಾದಿ ಮಂಡಳಿ, ಡಿಐಸಿ (ಜಿಲ್ಲಾ ಕೈಗಾರಿಕಾ ಕೇಂದ್ರ), ಕಾಯರ್ ಬೋರ್ಡ್. ನಿಮಗೆ ಹೋಗಿ ಬರಲು ಹತ್ತಿರ ಇರುವುದನ್ನು ಆರಿಸಿಕೊಳ್ಳಿ. ಬ್ಯಾಂಕಿನ ಬ್ರಾಂಚ್ ಆರಿಸುವಾಗ ಮಾತ್ರ ಅವಸರ ಬೇಡ. ನಿಮ್ಮ ಊರು ಆ ಬ್ರಾಂಚಿನ ವ್ಯಾಪ್ತಿಯಲ್ಲಿದೆಯಾ ಅಂತ ಮೊದಲೇ ಹೋಗಿ ಕೇಳಿ. ಹಳೆಯ ಪ್ರಗತಿ ಕೃಷ್ಣ ಗ್ರಾಮೀಣ ಬ್ಯಾಂಕಿನವರಿಗೆ ಒಂದು ಮಾತು: 2019ರ ಏಪ್ರಿಲ್ 1ರಿಂದ ಅದು ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ, ಐಎಫ್‌ಎಸ್‌ಸಿ ಕೋಡನ್ನು ಹಳೆ ಪಾಸ್‌ಬುಕ್ ನೋಡಿ ತುಂಬಬೇಡಿ.

ಈಗ ಸಂದರ್ಶನ ಇಲ್ಲ, ಅಂಕಪಟ್ಟಿಯ ಥರ ಸ್ಕೋರ್ ಕಾರ್ಡ್ ಇದೆ. ಏಜೆನ್ಸಿ ನೋಡಿ ಬ್ಯಾಂಕಿಗೆ ಕಳಿಸುತ್ತದೆ. ಅರ್ಜಿಗೆ ಶುಲ್ಕ ಇಲ್ಲ. ಮಂಜೂರು ಮಾಡಿಸಿಕೊಡ್ತೀನಿ, ಶೇ 10 ಕೊಡಿ ಅನ್ನುವವರು ಕಚೇರಿ ಹೊರಗಿನ ಟೀ ಅಂಗಡಿಯಲ್ಲಿ ಸಿಗುತ್ತಾರೆ. ಟೀ ಕುಡಿದು ಎದ್ದು ಬನ್ನಿ.

ಬ್ಯಾಂಕಿನ ಮೇಜಿನ ಮುಂದೆ

ಪೋರ್ಟಲಿನಿಂದ ಬ್ಯಾಂಕಿಗೆ ಹೋಯಿತು ಅಂತ ಮೆಸೇಜ್ ಬಂದ ಕೂಡಲೇ ಹೋಗಿ ಮುಖ ತೋರಿಸಿ. ಬರುತ್ತೆ ಬಿಡು ಅಂತ ಸುಮ್ನೆ ಕೂತರೆ ಅರ್ಜಿ ಕಂಪ್ಯೂಟರಿನಲ್ಲೇ ಮಲಗಿರುತ್ತದೆ. ಸೋಮವಾರ, ತಿಂಗಳ ಮೊದಲ ವಾರ, ಪಿಂಚಣಿ ದಿನ ಬೇಡ. ಮಾರ್ಚ್ ಕೊನೆಯಂತೂ ಬೇಡವೇ ಬೇಡ. ವರ್ಷದ ಗುರಿ ಹೊಸದಾಗಿ ಬಂದಿರುವ ಮೇ, ಜೂನ್ ನನ್ನ ಅನುಭವದಲ್ಲಿ ಒಳ್ಳೆಯ ಕಾಲ.

ಒತ್ತೆ ಕೇಳಿದರೆ ಗಾಬರಿ ಬೇಡ. ಒಂದು ಮಿತಿಯವರೆಗಿನ ಸಣ್ಣ ಉದ್ಯಮದ ಸಾಲಕ್ಕೆ ಆಸ್ತಿ ಒತ್ತೆ ಕೇಳಬಾರದು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಅದಕ್ಕೂ ಮೇಲಿನದಕ್ಕೆ ಸಿಜಿಟಿಎಂಎಸ್‌ಇ ಅನ್ನುವ ಸರ್ಕಾರಿ ಖಾತರಿ ಇದೆ. ಸಣ್ಣದೊಂದು ವಾರ್ಷಿಕ ಶುಲ್ಕ ನಿಮ್ಮ ಮೇಲೆ ಬೀಳುತ್ತದೆ, ಅಷ್ಟೇ. "ಸಾರ್, ಸಿಜಿಟಿಎಂಎಸ್‌ಇಯಲ್ಲಿ ಹಾಕಿ" ಅಂತ ನೀವೇ ಬಾಯಿಬಿಟ್ಟು ಕೇಳಿ. ಅಪ್ಪನ ಹೊಲದ ಪತ್ರ ತಂದಿಟ್ಟು ಬೇಗ ಮುಗಿಸೋಣ ಅಂತ ಮಾತ್ರ ಹೋಗಬೇಡಿ.

ಸಾಲ ಇಲ್ಲ ಅಂದರೆ ಕಾರಣವನ್ನು ಬರಹದಲ್ಲಿ ಕೇಳಿ. ಅದು ಕೈಗೆ ಬಂದರೆ ಮುಂದಿನ ದಾರಿ ಕಾಣುತ್ತದೆ. ಸಿಬಿಲ್ ಅಂದರೆ ಅದನ್ನು ಸರಿ ಮಾಡಿ. ವ್ಯಾಪ್ತಿ ಅಲ್ಲ ಅಂದರೆ ಬ್ರಾಂಚ್ ಬದಲಿಸಿ. ಕಾರಣವೇ ಹೇಳದೆ ಸತಾಯಿಸಿದರೆ, ಜಿಲ್ಲೆಯ ಎಲ್ಲಾ ಬ್ಯಾಂಕುಗಳ ನಡುವೆ ಹೊಂದಾಣಿಕೆ ನೋಡಿಕೊಳ್ಳುವ ಲೀಡ್ ಬ್ಯಾಂಕ್ ಮ್ಯಾನೇಜರ್ ಹತ್ತಿರ ಹೋಗಿ. ನಮ್ಮ ಎರಡೂ ಜಿಲ್ಲೆಗೆ ಲೀಡ್ ಬ್ಯಾಂಕ್ ಕೆನರಾ ಬ್ಯಾಂಕ್. ಬ್ಯಾಂಕಿಗೇ ಲಿಖಿತ ದೂರು ಕೊಟ್ಟು 30 ದಿನ ಕಳೆದರೂ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರಬಹುದು. 14448ಕ್ಕೆ ಫೋನ್ ಮಾಡಿದರೆ ಹೇಗೆ ಅಂತ ಹೇಳುತ್ತಾರೆ. ಜಗಳ ಮಾತ್ರ ಆಡಬೇಡಿ. ಮುಂದಿನ ಐದಾರು ವರ್ಷ ಅದೇ ಬಾಗಿಲಿಗೆ ಹೋಗುವವರು ನೀವು.

ದೊಡ್ಡ ಮಟ್ಟದಲ್ಲಿ ಯೋಚಿಸುವವರಿಗೆ

50 ಲಕ್ಷ ಮೀರಿದ ಘಟಕಕ್ಕೆ ರಾಜ್ಯದ ಕೈಗಾರಿಕಾ ನೀತಿಯ ಬಾಗಿಲು ತಟ್ಟಬೇಕು. ತಾಲ್ಲೂಕಿನ ವಲಯ ಲೆಕ್ಕಕ್ಕೆ ಬರುವುದು ಇಲ್ಲಿ. 15 ಕೋಟಿವರೆಗಿನ ಯೋಜನೆಗೆ ಒಪ್ಪಿಗೆ ಕೊಡುವುದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಏಕಗವಾಕ್ಷಿ ಸಮಿತಿ, ಕಡತ ಹೋಗುವುದು ಡಿಐಸಿ ಮೂಲಕ. ಒಂದೇ ಎಚ್ಚರಿಕೆ: ಮುದ್ರಾಂಕ ಶುಲ್ಕದ ರಿಯಾಯಿತಿ ಬೇಕಾದರೆ ಪ್ರಮಾಣ ಪತ್ರವನ್ನು ಡಿಐಸಿಯಿಂದ ನೋಂದಣಿಗೆ ಮುಂಚೆಯೇ ತರಬೇಕು. ಕ್ರಯ ಆದ ಮೇಲೆ ನೆನಪಾದರೆ ಪ್ರಯೋಜನ ಇಲ್ಲ.

ಮಂಜೂರಾಯಿತು, ಇನ್ನು ಮೂರು ವರ್ಷ

ಪಿಎಂಇಜಿಪಿಯಲ್ಲಿ ಸಾಲ ಮಂಜೂರಾದ ಮೇಲೆ ತರಬೇತಿ ಇದೆ. 2 ಲಕ್ಷದವರೆಗೆ ಬೇಡ, 5 ಲಕ್ಷದವರೆಗೆ 5 ದಿನ, ಅದಕ್ಕೂ ಮೇಲೆ 10 ದಿನ. ಚಿತ್ರದುರ್ಗದವರಿಗೆ ಉದ್ಯಮದ ತರಬೇತಿಗೆ ರುಡ್‌ಸೆಟ್ ಸಂಸ್ಥೆ ಹತ್ತಿರದಲ್ಲೇ ಇದೆ. ಸರ್ಟಿಫಿಕೇಟಿಗಾಗಿ ಹೋದರೂ ಪಕ್ಕದಲ್ಲಿ ಕೂತವರ ಕಷ್ಟ ಕೇಳಿ ಕಲಿಯುವುದೇ ಜಾಸ್ತಿ.

ನಿಮ್ಮ ಪಾಲು ಕಟ್ಟಿದ ಮೇಲೆ ಬ್ಯಾಂಕು ಮೊದಲ ಕಂತು ಬಿಡುಗಡೆ ಮಾಡಿ ಸಬ್ಸಿಡಿಗೆ ಕ್ಲೈಮ್ ಹಾಕುತ್ತದೆ. ಈ ಸಬ್ಸಿಡಿಯನ್ನೇ ಕಾಗದದಲ್ಲಿ ಮಾರ್ಜಿನ್ ಮನಿ ಅನ್ನುವುದು. ಬಂದ ಹಣ ನಿಮ್ಮ ಹೆಸರಿನಲ್ಲಿ ಠೇವಣಿಯಾಗಿ ಮೂರು ವರ್ಷ ಬೀಗ ಹಾಕಿಕೊಂಡು ಕೂರುತ್ತದೆ. ಅದಕ್ಕೆ ಬಡ್ಡಿ ಬರುವುದಿಲ್ಲ, ಅಷ್ಟೇ ಮೊತ್ತದ ಸಾಲಕ್ಕೆ ಬಡ್ಡಿ ಹಾಕುವುದೂ ಇಲ್ಲ. ಪಾಸ್‌ಬುಕ್ ನೋಡಿ ಅದು ಪಾಲನೆ ಆಗಿದೆಯಾ ಅಂತ ಆರು ತಿಂಗಳಿಗೊಮ್ಮೆ ಲೆಕ್ಕ ಹಾಕಿ. ನನ್ನ ಖಾತೆಯಲ್ಲಿ ಒಂದು ವರ್ಷ ಪೂರ್ತಿ ಸಾಲಕ್ಕೂ ಬಡ್ಡಿ ಬಿದ್ದಿತ್ತು. ತೋರಿಸಿದೆ, ಸರಿ ಮಾಡಿದರು. ತೋರಿಸದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ದುಡಿಯುವ ಬಂಡವಾಳದ ಬಗ್ಗೆ ಯಾರೂ ಹೇಳದ ನಿಯಮ ಒಂದಿದೆ. ಆ ಮೂರು ವರ್ಷದಲ್ಲಿ ಒಂದು ಸಲವಾದರೂ ಸಿಸಿ (ಕ್ಯಾಶ್ ಕ್ರೆಡಿಟ್, ಬೇಕಾದಾಗ ಎಳೆದು ಕಟ್ಟುವ ಸಾಲ) ಮಿತಿಯನ್ನು ಪೂರ್ತಿ ಬಳಸಿರಬೇಕು, ಒಟ್ಟಾರೆ ಬಳಕೆ ಶೇ 75ಕ್ಕಿಂತ ಇಳಿಯಬಾರದು. ಸುಮ್ನೆ ಜಾಸ್ತಿ ಮಿತಿ ಹಾಕಿಸಿಕೊಂಡು ಬಳಸದಿದ್ದರೆ, ಬಳಸದ ಭಾಗದ ಸಬ್ಸಿಡಿ ವಾಪಸ್ ಹೋಗುತ್ತದೆ. ಶೇಂಗಾ ಸುಗ್ಗಿಯಲ್ಲಿ ಮಿತಿ ತುಂಬಾ ಎಳೆದು ಕಾಳು ತುಂಬಿಸಿಕೊಳ್ಳುವವರಿಗೆ ಇದು ತೊಂದರೆಯೇ ಅಲ್ಲ.

ಮೂರು ವರ್ಷ ಆದ ಮೇಲೆ ಒಬ್ಬರು ಬಂದು ಘಟಕ ನೋಡಿ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಘಟಕ ನಡೆಯುತ್ತಿರಬೇಕು, ಕಂತು ಸರಿಯಾಗಿರಬೇಕು, ಯಂತ್ರ ಬಿಲ್ಲಿನಲ್ಲಿರುವುದೇ ಆಗಿರಬೇಕು. ಬಿಲ್ಲು, ಕರೆಂಟ್ ಬಿಲ್ಲು, ಕೂಲಿ ಪುಸ್ತಕ ಒಂದೇ ಫೈಲಿನಲ್ಲಿಡಿ. ಪಿಎಂಇಜಿಪಿ ನೆರವಿನ ಘಟಕ ಅಂತ ಬೋರ್ಡ್ ಬೇರೆ ಹಾಕಿರಬೇಕು. ನಮ್ಮದು ಗಾಳಿಗೆ ಬಿದ್ದು ಶೇಂಗಾ ಚೀಲದ ಹಿಂದೆ ಸೇರಿತ್ತು. ಅವರು ಬರುವ ಬೆಳಿಗ್ಗೆ ಹುಡುಕಿ, ಒರೆಸಿ, ತಂತಿಯಲ್ಲಿ ಕಟ್ಟಿ ನಿಲ್ಲಿಸಿದೆವು. ನೀವು ಮೊದಲೇ ಮೊಳೆ ಹೊಡೆದುಬಿಡಿ.